ದಾವಣಗೆರೆಯಲ್ಲಿ ಅಂಗಡಿಗೆ ಯಾವ ಬಡಾವಣೆ? ಪಿ.ಜೆ., ವಿದ್ಯಾನಗರ, ಶಾಮನೂರು ಕಡೆಯ ಹೊಸ ಲೇಔಟು: ಒಂದು ಹೋಲಿಕೆ

ನಾನು ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಕಿರಾಣಿ, ಔಷಧಿ, ಬಟ್ಟೆ, ಬೇಕರಿ ಅಂತ ಇಪ್ಪತ್ತು ಚಿಲ್ಲರೆ ಅಂಗಡಿಗಳ ಪುಸ್ತಕ ಪ್ರತಿ ತಿಂಗಳು ನನ್ನ ಮೇಜಿಗೆ ಬರುತ್ತವೆ. ಹೊಸದಾಗಿ ಅಂಗಡಿ ಇಡುವವರು ಬಂದರೆ ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ದುಡ್ಡಿರೋ ಏರಿಯಾ ಯಾವ್ದು ಹೇಳಿ ಸರ್, ಅಲ್ಲೇ ಮಳಿಗೆ ಹಿಡೀತೀನಿ."

ನನ್ನ ತಮ್ಮನೂ ಇದನ್ನೇ ಕೇಳಿದ್ದ. ನಾನೂ ಹಿಂದೆಮುಂದೆ ನೋಡದೆ "ವಿದ್ಯಾನಗರ" ಅಂದುಬಿಟ್ಟೆ. 2022ರ ದಸರಾಕ್ಕೆ ಅಂಗಡಿ ಶುರುವಾಯಿತು. ಮಕ್ಕಳ ಬಟ್ಟೆ, ಆಟಿಕೆ. ಅಗಲವಾದ ರಸ್ತೆ, ಎದುರಿಗೆಲ್ಲ ಎರಡು ಮಹಡಿ ಮನೆಗಳು, ಗೇಟಿನ ಒಳಗೆ ಕಾರು. ಇನ್ನೇನು ಬೇಕು ಅಂದುಕೊಂಡೆವು. 2024ರ ಯುಗಾದಿಗೆ ಶಟರ್ ಎಳೆದ.

ಆ ಬೀದಿಯಲ್ಲಿ ದುಡ್ಡಿಗೆ ಬರ ಇರಲಿಲ್ಲ. ಮಕ್ಕಳಿಗೆ ಬರ ಇತ್ತು. ಅಂಗಡಿಗೆ ಬರುತ್ತಿದ್ದವರು ಅಜ್ಜ-ಅಜ್ಜಿಯರು. ಬೆಂಗಳೂರಿನಿಂದಲೋ ಹೊರದೇಶದಿಂದಲೋ ಮೊಮ್ಮಕ್ಕಳು ಏಪ್ರಿಲ್-ಮೇ ರಜೆಗೆ ಬಂದಾಗ ಒಂದಿಷ್ಟು ವ್ಯಾಪಾರ, ದೀಪಾವಳಿಗೆ ಇನ್ನೊಂದಿಷ್ಟು. ಉಳಿದ ದಿನವೆಲ್ಲ ನೊಣ ಹೊಡೆಯುವುದೇ ಕೆಲಸ. ಪಕ್ಕದ ಮಳಿಗೆಯಲ್ಲಿ ಒಬ್ಬ ಹೆಣ್ಣುಮಗಳು ಜೋಳದ ರೊಟ್ಟಿ, ಚಪಾತಿ, ಎರಡು ಬಗೆ ಪಲ್ಯ ಮಾಡಿ ಮಾರುತ್ತಿದ್ದಳು. ಸಂಜೆ ಏಳೂವರೆಗೆ ಅವಳ ಡಬ್ಬಿ ಖಾಲಿ. ಕೊಳ್ಳುವವರು ಅದೇ ಅಜ್ಜ-ಅಜ್ಜಿಯರು. ಇಬ್ಬರಿಗೋಸ್ಕರ ಯಾರು ಹಿಟ್ಟು ಕಲಸಿ ರೊಟ್ಟಿ ಬಡಿಯುತ್ತಾರೆ, ಅಲ್ವಾ?

ತಪ್ಪು ನನ್ನದೇ. ಆದಾಯ ನೋಡಿದ್ದೆ, ವಯಸ್ಸು ನೋಡಿರಲಿಲ್ಲ. ಆಮೇಲೆ ಯಾರು ಬಂದು ಕೇಳಿದರೂ ಮೊದಲು ಬಡಾವಣೆಯ ವಯಸ್ಸು ಎಷ್ಟು ಅಂತ ನೋಡಿಕೊಂಡು ಬಾ ಅನ್ನುತ್ತೇನೆ.

ಬಡಾವಣೆಗೂ ವಯಸ್ಸಾಗುತ್ತದೆ

ಲೆಕ್ಕ ತುಂಬಾ ಸರಳ. ಹೊಸ ಬಡಾವಣೆಯಲ್ಲಿ ಸೈಟು ಹಂಚಿಕೆಯಾದಾಗ ಮನೆ ಕಟ್ಟುವವರು ಹೆಚ್ಚಾಗಿ ಒಂದೇ ವಯಸ್ಸಿನವರು. ಮೂವತ್ತೈದರಿಂದ ನಲವತ್ತೈದು. ನೌಕರಿ ಗಟ್ಟಿಯಾಗಿರುತ್ತದೆ, ಸಾಲ ಸಿಗುತ್ತದೆ, ಮಕ್ಕಳು ಶಾಲೆಯಲ್ಲಿರುತ್ತಾರೆ. 1985ರಲ್ಲಿ ನಲವತ್ತಕ್ಕೆ ಮನೆ ಕಟ್ಟಿದವರಿಗೆ ಈಗ ಎಂಬತ್ತರ ಆಚೀಚೆ. ಅವರ ಎಡಕ್ಕೂ ಬಲಕ್ಕೂ ಇರುವವರಿಗೆ ಅಷ್ಟೇ ವಯಸ್ಸು. ಬೀದಿಗೆ ಬೀದಿಯೇ ಒಟ್ಟಿಗೆ ಮುದಿಯಾಗುತ್ತದೆ.

ದಾವಣಗೆರೆಯಲ್ಲಿ ಇದು ಸ್ವಲ್ಪ ಜಾಸ್ತಿಯೇ ಕಾಣುತ್ತದೆ. ಹತ್ತಿ ಗಿರಣಿಗಳಿಂದ ಬೆಳೆದು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಗಿರಣಿ ಕಾರ್ಮಿಕರ ಬಲದಿಂದ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಶಾಸಕರಾಗಿದ್ದ ಊರು. ಗಿರಣಿಗಳು ಒಂದೊಂದಾಗಿ ನಿಂತವು. ಈಗ ಡಿಸಿಎಂ ಟೌನ್‌ಶಿಪ್ ಅಂದರೆ ಹೊಸಬರು ಯಾವುದೋ ಉಪಮುಖ್ಯಮಂತ್ರಿ ಅಂದುಕೊಳ್ಳುತ್ತಾರೆ. ಅದು ದಾವಣಗೆರೆ ಕಾಟನ್ ಮಿಲ್! ಗಿರಣಿ ಹೋದರೂ ಕಾಲೇಜುಗಳು ಉಳಿದವು. ಈಗಿನ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರಷ್ಟು ಹಳೆಯದು. ಜೆಜೆಎಂ ಮೆಡಿಕಲ್ ಕಾಲೇಜು 1965, ಬಿಐಇಟಿ ಎಂಜಿನಿಯರಿಂಗ್ ಕಾಲೇಜು 1979. ಊರಿನವರು ಮಕ್ಕಳನ್ನು ಇಲ್ಲೇ ಎಂಜಿನಿಯರ್ ಮಾಡಿದರು, ಆದರೆ ಎಂಜಿನಿಯರ್‌ಗೆ ಇಲ್ಲಿ ಕೆಲಸ ಇರಲಿಲ್ಲ. ಮಕ್ಕಳು ಬೆಂಗಳೂರು ಬಸ್ಸು ಹತ್ತಿದರು. 2023ರ ಜೂನ್‌ನಿಂದ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲು ಇಲ್ಲಿ ನಿಲ್ಲುತ್ತಿದೆ. ಮಕ್ಕಳು ಬಂದುಹೋಗುವುದು ಸಲೀಸಾಯಿತು, ಬಂದು ಉಳಿಯುವುದೇನೂ ಆಗಲಿಲ್ಲ.

ಜೊತೆಗೆ ಮಕ್ಕಳ ಸಂಖ್ಯೆಯೂ ಇಳಿದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಇರುವ ಒಂದೂವರೆ ಮಗುವೂ ಮಹದೇವಪುರದಲ್ಲೋ ಮಾರತ್‌ಹಳ್ಳಿಯಲ್ಲೋ ಇದ್ದರೆ, ಇಲ್ಲಿ ಆಟಿಕೆ ಮಾರುವವನ ಗತಿ ಏನು?

ಕಾಗದದ ಅಂಕಿಗಳನ್ನು ಎಷ್ಟು ನಂಬಬೇಕು

ಕೆಲವರು ಜಾಣರು ಜನಗಣತಿ ಪುಸ್ತಕ ತೆಗೆದುಕೊಂಡು ಬರುತ್ತಾರೆ. ಒಳ್ಳೆಯದೇ. ಆದರೆ ನಮ್ಮ ಜನಗಣತಿ ನಿಮ್ಮ ಆದಾಯ ಎಷ್ಟು ಅಂತ ಕೇಳುವುದೇ ಇಲ್ಲ. 2011ರಲ್ಲಿ ಟಿವಿ ಇದೆಯಾ, ಕಂಪ್ಯೂಟರ್ ಇದೆಯಾ, ಸ್ಕೂಟರ್, ಕಾರು ಇದೆಯಾ, ಬ್ಯಾಂಕ್ ಖಾತೆ ಇದೆಯಾ ಅಂತ ಕೇಳಿದ್ದರು. ಅದರಿಂದ ಆದಾಯವನ್ನು ಊಹೆ ಮಾಡಬೇಕು. ಅದೂ ಈಗ ಹಳಸಲು. 2021ರ ಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಅಂತ ದಿನ ಗೊತ್ತಾಗಿದೆ. 2011ರಲ್ಲಿ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಆಗ ಪಾಲಿಕೆಗೆ 41 ವಾರ್ಡ್, 2019ರ ಚುನಾವಣೆ ಹೊತ್ತಿಗೆ 45. ಹಳೆಯ ವಾರ್ಡಿನ ಅಂಕಿಯನ್ನು ಹೊಸ ವಾರ್ಡಿಗೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಹೊರಗಿನ ಲೇಔಟುಗಳಂತೂ ಆಗ ಮೆಕ್ಕೆಜೋಳದ ಹೊಲ.

ಜಿಲ್ಲೆಯ ತಲಾ ಆದಾಯ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಸಿಗುತ್ತದೆ. ನಮ್ಮದು ರಾಜ್ಯದ ಸರಾಸರಿಗಿಂತ ಕೆಳಗೇ ಇರುತ್ತದೆ. ಅದಕ್ಕೆ ಬೇಜಾರು ಬೇಡ. ಬೆಂಗಳೂರು ಒಂದೇ ಆ ಸರಾಸರಿಯನ್ನು ಎತ್ತಿ ಕೂರಿಸುತ್ತದೆ. ಜಗಳೂರಿನ ಒಣಭೂಮಿ ರೈತನನ್ನೂ ಪಿ.ಜೆ. ಬಡಾವಣೆಯ ಸರ್ಜನ್ನನ್ನೂ ಸೇರಿಸಿ ಭಾಗಿಸಿದ ಅಂಕಿಯಿಂದ ನಿಮ್ಮ ಬೀದಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಕಿರಾಣಿ ಇಡುವವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಅಂಕಿ ಕೇಂದ್ರ ಸರ್ಕಾರದ ಮನೆಖರ್ಚಿನ ಸಮೀಕ್ಷೆಯದು. 2023-24ರಲ್ಲಿ ದೇಶದ ನಗರಗಳಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 6,996 ರೂಪಾಯಿ. ಅದರಲ್ಲಿ ಹತ್ತಿರ ಹತ್ತಿರ 40% ಊಟ-ತಿಂಡಿಗೆ. ಅಂದರೆ ತಲೆಗೆ 2,800. ನಾಲ್ಕು ಜನರ ಮನೆಯಾದರೆ 11 ಸಾವಿರ, ಇಬ್ಬರ ಮನೆಯಾದರೆ ಐದೂವರೆ ಸಾವಿರ. ಶ್ರೀಮಂತರ ಬೀದಿಯಲ್ಲಿ ಈ ಮೊತ್ತ ಏರುತ್ತದೆ ನಿಜ. ಆದರೆ ಎಷ್ಟೇ ಶ್ರೀಮಂತನಾದರೂ ಎರಡು ಹೊಟ್ಟೆ ಅನ್ನ ಉಣ್ಣುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಒಂದು ಹೊಟ್ಟೆಯಷ್ಟೂ ಉಣ್ಣುವುದಿಲ್ಲ! ಅಕ್ಕಿ-ಬೇಳೆ ಮಾರುವವನಿಗೆ ಬೀದಿಯಲ್ಲಿ ಎಷ್ಟು ಬಾಯಿ ಇವೆ ಅನ್ನುವುದೇ ಮುಖ್ಯ.

ಇನ್ನೊಂದು ತಪ್ಪು ಅಳತೆಗೋಲು ಕರೆಂಟ್ ಬಿಲ್ಲು. "ಈ ಬೀದಿಯಲ್ಲಿ ಎಲ್ಲರಿಗೂ ಜೀರೋ ಬಿಲ್ ಬರುತ್ತೆ, ಬಡವರ ಏರಿಯಾ" ಅಂತ ಒಬ್ಬರು ನನಗೆ ಹೇಳಿದ್ದರು. ಗೃಹಜ್ಯೋತಿಯಲ್ಲಿ ಜೀರೋ ಬಿಲ್ಲಿಗೆ 200 ಯೂನಿಟ್ ಮಿತಿ. ಹೊರಗಿನ ಲೇಔಟಿನಲ್ಲಿ ಎರಡು ಎಸಿ, ಗೀಸರ್, ಮೂರು ಮಕ್ಕಳ ಮನೆ ಇದನ್ನು ದಾಟುತ್ತದೆ. ಹಳೇ ಬಡಾವಣೆಯ 50-80 ಸೈಟಿನ ಬಂಗಲೆಯಲ್ಲಿ ಇಬ್ಬರೇ ಇದ್ದರೆ, ಸೋಲಾರ್ ನೀರು ಇದ್ದರೆ, ಜೀರೋ ಬಿಲ್ಲೇ. ಬಿಲ್ಲಿನಿಂದ ತಿಳಿಯುವುದು ಮನೆಯಲ್ಲಿ ಎಷ್ಟು ಜನ ಅಂತ. ಎಷ್ಟು ದುಡ್ಡು ಅಂತ ಅಲ್ಲ.

ಮೂರು ಹೊತ್ತು ನಿಂತು ನೋಡಿ

ಮಳಿಗೆಗೆ ಅಡ್ವಾನ್ಸ್ ಕೊಡುವ ಮುಂಚೆ ಅದೇ ಬೀದಿಯಲ್ಲಿ ನಾಲ್ಕು ದಿನ ನಿಲ್ಲಿ. ಖರ್ಚು ಚಹಾದ್ದು ಮಾತ್ರ.

ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೋಗುವವರನ್ನು ನೋಡಿ. ಸ್ವೆಟರ್, ಮಂಕಿ ಟೋಪಿ, ಕೈಯಲ್ಲಿ ಹೂ ಕೀಳುವ ಕೊಕ್ಕೆ ಜಾಸ್ತಿ ಕಂಡರೆ ಬೀದಿ ನಿವೃತ್ತರದ್ದು. ಏಳೂಮುಕ್ಕಾಲಿನಿಂದ ಎಂಟೂವರೆ ತನಕ ಶಾಲೆ ವ್ಯಾನು, ಆಟೋ ಎಣಿಸಿ. ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕಸ್ಥ ಅಂಕಿ. ವ್ಯಾನ್ ನಿಂತು ಒಂದೊಂದು ಮನೆಯಿಂದ ಎಷ್ಟು ಮಕ್ಕಳು ಹತ್ತುತ್ತಾರೆ ಅನ್ನುವುದನ್ನೂ ಬರೆದುಕೊಳ್ಳಿ.

ರಾತ್ರಿ ಎಂಟಕ್ಕೆ ಮತ್ತೆ ಬಂದು ಮೇಲಿನ ಮಹಡಿ ನೋಡಿ. ಕೆಳಗೆ ಮಾತ್ರ ದೀಪ, ಮೇಲೆ ಕತ್ತಲೆ ಅಂದರೆ ಇಬ್ಬರೇ ಇದ್ದಾರೆ. ಮೊಣಕಾಲು ನೋವಿಗೆ ಮಹಡಿ ಹತ್ತುವುದನ್ನೂ ಬಿಟ್ಟಿರುತ್ತಾರೆ. ಮೇಲೂ ದೀಪ ಇದ್ದು, ಮೆಟ್ಟಿಲು ಹೊರಗಿನಿಂದ ಇದ್ದರೆ ಬಾಡಿಗೆಯವರಿದ್ದಾರೆ. ನನ್ನ ಪುಸ್ತಕಗಳು ಹೇಳುವ ಹಾಗೆ ಅಂಗಡಿಗೆ ಒಳ್ಳೆಯ ಗಿರಾಕಿ ಬಾಡಿಗೆಯವರೇ. ಮನೆ ಮಾಲೀಕ ತಿಂಗಳಿಗೊಮ್ಮೆ ಹಳೇ ಪೇಟೆಗೆ ಹೋಗಿ ಸಗಟಿನಲ್ಲಿ ತರುತ್ತಾನೆ. ಅಲ್ಲಿನ ಕಿರಾಣಿಯವನ ಜೊತೆ ಅವನಿಗೆ ಮೂರು ತಲೆಮಾರಿನ ಉದ್ರಿ ಸಂಬಂಧ ಇರುತ್ತದೆ. ಬಾಡಿಗೆಯವನು ಕೆಳಗಿನ ಅಂಗಡಿಗೇ ಬರುತ್ತಾನೆ.

ಇನ್ನು ಬಡಾವಣೆಗಳು

ಪಿ.ಜೆ. ಬಡಾವಣೆ ಹಳೆಯ ಶ್ರೀಮಂತಿಕೆ. ಈಗ ಅದನ್ನು ಬರೀ ವಾಸದ ಬಡಾವಣೆ ಅನ್ನುವುದು ಕಷ್ಟ. ಎಷ್ಟೋ ಮನೆಗಳು ಕ್ಲಿನಿಕ್, ಲ್ಯಾಬು, ನರ್ಸಿಂಗ್ ಹೋಮ್ ಆಗಿವೆ. ಹಗಲು ಜನ ಇರುತ್ತಾರೆ, ಆದರೆ ಅವರು ಅಲ್ಲಿಯವರಲ್ಲ. ಜಗಳೂರು, ಹರಪನಹಳ್ಳಿ, ಹೊನ್ನಾಳಿಯಿಂದ ಬಂದ ರೋಗಿಗಳು, ಜೊತೆಗೆ ಬಂದವರು. ಹಾಗಾಗಿ ಔಷಧಿ, ಹಣ್ಣು, ತಿಂಡಿ, ಜೆರಾಕ್ಸ್ ಅಂಗಡಿಗೆ ಇದು ಸರಿ. ಅಲ್ಲಿ ವಾಸ ಇರುವವರ ಆದಾಯ ನೋಡಿ ಅಂಗಡಿ ಇಟ್ಟರೆ ಮೋಸ ಹೋಗುತ್ತೀರಿ. ಬಾಡಿಗೆಯೂ ಡಾಕ್ಟರು ಕೊಡುವ ಮಟ್ಟದಲ್ಲಿ ನಿಂತಿದೆ, ಬಟ್ಟೆ ಅಂಗಡಿಯವನಿಗೆ ಎಟುಕುವುದಿಲ್ಲ.

ವಿದ್ಯಾನಗರದ ಕಥೆ ಹೇಳಿದ್ದೇನೆ. ಆದರೆ ಅದನ್ನು ಪೂರ್ತಿ ತಳ್ಳಿಹಾಕಬೇಡಿ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಅಧಿಕಾರಿಗಳು ಇರುವ ಕಡೆ ಆದಾಯ ದೊಡ್ಡದಲ್ಲದಿದ್ದರೂ ಗಡಿಯಾರದ ಹಾಗೆ ಬರುತ್ತದೆ. ರಾಜ್ಯ ಸರ್ಕಾರಿ ನಿವೃತ್ತರ ಪಿಂಚಣಿ 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದಂತೆ ಏರಿದೆ. ಬರಗಾಲ ಬಂದರೂ, ಅಡಿಕೆ ರೇಟು ಬಿದ್ದರೂ ಒಂದನೇ ತಾರೀಖಿನ ವ್ಯಾಪಾರ ತಪ್ಪುವುದಿಲ್ಲ. ಫಿಸಿಯೋಥೆರಪಿ, ಕಣ್ಣಿನ ಅಂಗಡಿ, ರೊಟ್ಟಿ-ಪಲ್ಯ, ಸಿರಿಧಾನ್ಯ, ಮನೆಗೆ ಬಂದು ರಕ್ತ ಪರೀಕ್ಷೆ ಮಾಡುವ ಲ್ಯಾಬು, ಇವಕ್ಕೆಲ್ಲ ಇಂಥ ಬಡಾವಣೆಯೇ ಬೇಕು. ಗಿರಾಕಿ ಜೊತೆ ಮಾತಾಡಲು ತಾಳ್ಮೆ ಇರಬೇಕು ಅಷ್ಟೇ. ಎರಡು ಚಪಾತಿ ಕೊಳ್ಳುವವರು ಇಪ್ಪತ್ತು ನಿಮಿಷ ಮಗನ ಸುದ್ದಿ ಹೇಳುತ್ತಾರೆ. ಒಂದು ಎಚ್ಚರಿಕೆ: ಅವರ ಮಕ್ಕಳು ಬೆಂಗಳೂರಿನಲ್ಲಿ ಕೂತು ಅಪ್ಪ-ಅಮ್ಮನ ಮನೆಗೆ ಆನ್‌ಲೈನ್‌ನಲ್ಲೇ ಸಾಮಾನು ಕಳಿಸುತ್ತಾರೆ. ಮಿಕ್ಸಿ, ಚಪ್ಪಲಿ, ಡೈಪರ್ ಇಂಥವನ್ನು ಇಟ್ಟರೆ ಧೂಳು ಒರೆಸುವುದೇ ಬರುತ್ತದೆ.

ಎಂಸಿಸಿ ಬಿ ಬ್ಲಾಕ್ ಮತ್ತು ಅದರ ಆಚೀಚೆ ಬೇರೆಯದೇ ಲೋಕ. ಮೆಡಿಕಲ್, ಡೆಂಟಲ್ ಕಾಲೇಜು, ಬಾಪೂಜಿ ಆಸ್ಪತ್ರೆ ಎಲ್ಲ ಅಲ್ಲೇ. ಡಾಕ್ಟರ ಮನೆಗಳೂ ಇವೆ, ವಿದ್ಯಾರ್ಥಿಗಳ ಪಿ.ಜಿ.ಗಳೂ ಇವೆ. ಒಂದೇ ರಸ್ತೆಯಲ್ಲಿ ಎರಡು ವಯಸ್ಸು. ಇಲ್ಲಿ ತಿನ್ನುವುದನ್ನು ಮಾರಿ, ಬೇರೇನೂ ಯೋಚಿಸಬೇಡಿ. ಬೆಣ್ಣೆ ದೋಸೆ ಕಾವಲಿ ಇಡಲು ಹೊರಟವರಿಗೆ ಮಾತ್ರ ಒಂದು ಮಾತು: ಈ ಊರಿನಲ್ಲಿ ದೋಸೆ ವಿಷಯದಲ್ಲಿ ಪ್ರತಿಯೊಬ್ಬನೂ ಜಡ್ಜು. ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ವ್ಯಾಪಾರ ಅರ್ಧಕ್ಕೆ ಇಳಿಯುತ್ತದೆ. ವರ್ಷಕ್ಕೆ ಹತ್ತೇ ತಿಂಗಳು ಅಂತ ಬಾಡಿಗೆ ಲೆಕ್ಕ ಹಾಕಿ.

ನಿಜಲಿಂಗಪ್ಪ ಬಡಾವಣೆ, ಎಸ್.ಎಸ್. ಬಡಾವಣೆ ಇವುಗಳ ನಡುವೆ ಎಲ್ಲೋ ನಿಲ್ಲುತ್ತವೆ. ಬೀದಿಯಿಂದ ಬೀದಿಗೆ ಬೇರೆ. ಅಲ್ಲಿ ಎಣಿಸದೆ ಏನೂ ಹೇಳಲಾಗದು.

ಇನ್ನು ಶಾಮನೂರು ದಾಟಿ, ಕುಂದುವಾಡ ಕೆರೆ, ಗಾಜಿನ ಮನೆ ಕಡೆಯ ಹೊಸ ಲೇಔಟುಗಳು. ನನಗೆ ಹೆಚ್ಚು ಕುತೂಹಲ ಇಲ್ಲಿನದೇ. ಈಗ ಶಾಲೆ ವ್ಯಾನು ಜಾಸ್ತಿ ಕಾಣುವುದು ಇಲ್ಲೇ. ಮೂವತ್ತೈದರ ದಂಪತಿ, ಇಬ್ಬರಿಗೂ ಕೆಲಸ, ಒಂದು ಅಥವಾ ಎರಡು ಮಕ್ಕಳು, ಮನೆ ಸಾಲದ ಕಂತು. ಸಂಬಳ ಚೆನ್ನಾಗಿದ್ದರೂ ಕಂತು ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಕಮ್ಮಿ. ಆದರೂ ಮಕ್ಕಳಿಗೆ ಅಂದರೆ ಖರ್ಚು ಮಾಡುತ್ತಾರೆ. ಟ್ಯೂಷನ್, ಡಾನ್ಸ್ ಕ್ಲಾಸ್, ಮಕ್ಕಳ ಡಾಕ್ಟರು, ಕೇಕು, ಸ್ಟೇಷನರಿ, ಇವು ನಡೆಯುತ್ತವೆ.

ಇಲ್ಲಿನ ತೊಂದರೆ ಖಾಲಿ ಸೈಟು. ಲೇಔಟಿನ ನಕ್ಷೆಯಲ್ಲಿ ಇನ್ನೂರು ಸೈಟು ಇರುತ್ತವೆ, ಮನೆ ಎದ್ದಿರುವುದು ಅರವತ್ತು. ಉಳಿದದ್ದು ಎಲ್ಲಿ ಹೋಯಿತು ಅಂದರೆ, ಅಡಿಕೆ ದುಡ್ಡು ಅಲ್ಲಿ ಮಲಗಿದೆ. ಚನ್ನಗಿರಿ, ಹೊನ್ನಾಳಿ ಕಡೆಯ ತೋಟದವರು ಒಳ್ಳೆ ರೇಟು ಬಂದ ವರ್ಷ ದಾವಣಗೆರೆಯಲ್ಲಿ ಒಂದು ಸೈಟು ಹಾಕುತ್ತಾರೆ. ಮಗಳ ಮದುವೆಗೋ, ಮಗನ ಓದಿಗೋ ಅಂತ. ಮನೆ ಕಟ್ಟುವ ಅವಸರ ಅವರಿಗಿಲ್ಲ. ಸೈಟಿನ ಬೆಲೆ ಏರುತ್ತಲೇ ಇರುತ್ತದೆ, ಆ ಬೆಲೆ ನೋಡಿ ಮಳಿಗೆ ಬಾಡಿಗೆಯೂ ಏರುತ್ತದೆ. ಆದರೆ ಖಾಲಿ ಸೈಟು ಬ್ರೆಡ್ಡು ಕೊಳ್ಳುವುದಿಲ್ಲ. ಹಾಗಾಗಿ ಹೊಸ ಲೇಔಟಿನಲ್ಲಿ ಸೈಟು ಎಣಿಸಬೇಡಿ, ಬಟ್ಟೆ ಒಣಗುತ್ತಿರುವ ತಂತಿ ಎಣಿಸಿ. ದೂಡಾ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇದೆಯಾ, ಖಾತೆ ಎ ಆ, ಬಿ ಆ ಅಂತಲೂ ಕೇಳಿ. ಬಿ ಖಾತೆ, ಅಂದರೆ ಅನುಮೋದನೆ ಇಲ್ಲದ ಲೇಔಟಿನಲ್ಲಿ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಸಾಲ ಇಲ್ಲದೆ ಮನೆ ಏಳುವುದು ನಿಧಾನ. ಮನೆ ಏಳದೆ ನಿಮಗೆ ಗಿರಾಕಿ ಇಲ್ಲ.

ದುಡ್ಡು ಯಾವ ತಿಂಗಳು ಬರುತ್ತದೆ

ಆದಾಯ ಎಷ್ಟು ಅನ್ನುವುದರ ಜೊತೆ ಯಾವಾಗ ಅನ್ನುವುದೂ ಮುಖ್ಯ. ನನ್ನ ಬಳಿ ಬರುವ ಪುಸ್ತಕಗಳಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ನೌಕರರ ಬೀದಿಯ ಅಂಗಡಿಯಲ್ಲಿ ಪ್ರತಿ ತಿಂಗಳ ಮೊದಲ ವಾರ ದಪ್ಪ, ಕೊನೆಯ ವಾರ ತೆಳು. ಹಳ್ಳಿಯಲ್ಲಿ ತೋಟ, ಗದ್ದೆ ಇಟ್ಟುಕೊಂಡು ಮಕ್ಕಳ ಓದಿಗಾಗಿ ಪಟ್ಟಣದಲ್ಲಿ ಮನೆ ಮಾಡಿದವರ ಬೀದಿಯಲ್ಲಿ ಲೆಕ್ಕ ಬೇರೆ. ಮೆಕ್ಕೆಜೋಳ ಮಂಡಿಗೆ ಬರುವುದು ಅಕ್ಟೋಬರ್ ನಂತರ. ಅಡಿಕೆ ಕೊಯ್ಲೂ ಹೆಚ್ಚುಕಮ್ಮಿ ಆಗಲೇ. ದೀಪಾವಳಿಯಿಂದ ಸಂಕ್ರಾಂತಿ ತನಕ ನೋಟು ಓಡಾಡುತ್ತದೆ. ಜೂನ್-ಜುಲೈನಲ್ಲಿ ಬೀಜ, ಗೊಬ್ಬರ, ಶಾಲೆ ಫೀಜು ಒಟ್ಟಿಗೆ ಬಿದ್ದು ಕೈ ಖಾಲಿ. ಆಗ "ಬರ್ಕೊಳ್ಳಿ" ಅನ್ನುತ್ತಾರೆ. ನೀವು ಬರೆದುಕೊಳ್ಳಬೇಕು.

2023ರಲ್ಲಿ ಮಳೆ ಕೈಕೊಟ್ಟು, ಭದ್ರಾ ನಾಲೆ ನೀರಿಗಾಗಿ ಇಲ್ಲಿನ ರೈತರು ಬೀದಿಗಿಳಿದಿದ್ದು ನೆನಪಿರಬಹುದು. ಆ ವರ್ಷ ನನ್ನ ಒಬ್ಬ ಬಟ್ಟೆ ಅಂಗಡಿಯವನ ಉದ್ರಿ ಪುಸ್ತಕ ದುಪ್ಪಟ್ಟಾಯಿತು. ಅವನ ಗಿರಾಕಿಗಳು ಬಡವರೇನಲ್ಲ. ಎಕರೆಗಟ್ಟಲೆ ಗದ್ದೆ ಇದ್ದವರು, ಗದ್ದೆಗೆ ನೀರಿರಲಿಲ್ಲ. ಆರು ತಿಂಗಳು ತಡೆದುಕೊಳ್ಳುವ ಬಂಡವಾಳ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಇಂಥ ಬೀದಿಯ ಸಹವಾಸ ಬೇಡ. ಪಿಂಚಣಿ ಬೀದಿಯಲ್ಲೇ ಇರಿ.

ಚಿತ್ರದುರ್ಗದವರೂ ಆಗಾಗ ಕೇಳುತ್ತಾರೆ. ಅಲ್ಲಿ 2011ರಲ್ಲಿ ಜನಸಂಖ್ಯೆ ಒಂದೂವರೆ ಲಕ್ಷದ ಒಳಗೇ ಇತ್ತು. ಶ್ರೀಮಂತ ಬಡಾವಣೆ ಅಂದರೆ ಜೆ.ಸಿ.ಆರ್. ಅನ್ನುವುದು ರೂಢಿ. ಆದರೆ ಊರು ಚಿಕ್ಕದಾದ್ದರಿಂದ ಜನ ಬಡಾವಣೆಯೊಳಗೆ ಕೊಳ್ಳುವುದಕ್ಕಿಂತ ಪೇಟೆಗೇ ಹೋಗುತ್ತಾರೆ, ದೊಡ್ಡ ಖರೀದಿಗೆ ದಾವಣಗೆರೆಗೆ ಬರುತ್ತಾರೆ. ಅರವತ್ತು ಕಿಲೋಮೀಟರ್ ಹೆದ್ದಾರಿ, ಒಂದು ಗಂಟೆ ದಾರಿ. ಹಾಗಾಗಿ ಅಲ್ಲಿ ಬಡಾವಣೆ ಅಂಗಡಿ ಅಂದರೆ ಹಾಲು, ತರಕಾರಿ, ಔಷಧಿ. ಅದಕ್ಕಿಂತ ಮುಂದೆ ಹೋಗಬೇಡಿ ಅನ್ನುತ್ತೇನೆ.

ತಮ್ಮ ಈಗ ಮತ್ತೆ ಅಂಗಡಿ ಇಡುವ ಯೋಚನೆಯಲ್ಲಿದ್ದಾನೆ. ಅದೇ ಮಕ್ಕಳ ಬಟ್ಟೆ, ಉಳಿದ ಸ್ಟಾಕು ಮನೆಯ ಅಟ್ಟದಲ್ಲಿದೆ. ಕಳೆದ ವಾರ ಶಾಮನೂರು ಕಡೆ ಒಂದು ಕಾರ್ನರ್ ಮಳಿಗೆ ನೋಡಿದ. ಮಾಲೀಕರು ಅವತ್ತೇ ಅಡ್ವಾನ್ಸ್ ಕೇಳಿದರು, ನಾಲ್ಕು ದಿನ ಟೈಮ್ ಕೊಡಿ ಅಂದನಂತೆ. ಎದುರಿನ ಚಹಾ ಗಾಡಿ ಹತ್ತಿರ ಕೂತು ಬೆಳಿಗ್ಗೆ ಎಣಿಸಿದ ಚೀಟಿ ನನಗೆ ವಾಟ್ಸ್ಆ್ಯಪ್ ಮಾಡಿದ್ದಾನೆ. ಸೋಮವಾರ 11 ವ್ಯಾನು, ಮಂಗಳವಾರ 12, ಬುಧವಾರ 11. ಗುರುವಾರದ ಮುಂದೆ "ಮಳೆ, 7" ಅಂತ ಬರೆದು, ಪಕ್ಕದಲ್ಲಿ "ಇದನ್ನ ಲೆಕ್ಕಕ್ಕೆ ತಗೋಬೇಕಾ?" ಅಂತ ಕೇಳಿದ್ದಾನೆ. ಬೇಡ, ಶುಕ್ರವಾರ ಇನ್ನೊಂದು ಸಲ ಹೋಗು ಅಂದಿದ್ದೇನೆ.